ಮೂರು ಎಂಆರ್‌ಐಗಳ ನಡುವೆ ಮಿದುಳಿನ ಗಾತ್ರದ ಬದಲಾವಣೆ: ಸಿಯೆನಾ ಒಂದು ಹೇಳುತ್ತದೆ, ಫ್ರೀಸರ್ಫರ್ ಇನ್ನೊಂದು

ಮೂರುಸ್ಕ್ಯಾನ್ (ಪ್ರಶ್ನೆ)

ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ಉರಿಯೂತದ ರೋಗ) ಇರುವವರ ಗುಂಪೊಂದರ ಟಿ1 ಚಿತ್ರಗಳ (ಮಿದುಳಿನ ರಚನೆ ತೋರುವ ಎಂಆರ್‌ಐ) ಮೇಲೆ ಕೆಲಸ ನಡೆದಿದೆ. ಪ್ರತಿಯೊಬ್ಬರಿಗೂ ಮೂರು ಸ್ಕ್ಯಾನ್: ಆರಂಭ, 12ನೇ ತಿಂಗಳು, 24ನೇ ತಿಂಗಳು. ಯಂತ್ರ ಒಂದೇ, 3 ಟೆಸ್ಲಾ. ಎಂಪಿರೇಜ್ ಎಂಬ ಟಿ1 ವಿಧಾನ, 1 ಮಿ.ಮೀ. ಐಸೊಟ್ರೋಪಿಕ್ ವೋಕ್ಸೆಲ್ (ಮೂರೂ ದಿಕ್ಕಿನಲ್ಲಿ ಸಮನಾದ ಚಿತ್ರಘಟಕ). ಆದರೆ ಎರಡನೇ ಮತ್ತು ಮೂರನೇ ಸ್ಕ್ಯಾನಿನ ನಡುವೆ ಯಂತ್ರದ ಸಾಫ್ಟ್‌ವೇರ್ ಅಪ್‌ಗ್ರೇಡ್ ಆಗಿದೆ, ಹೆಡ್ ಕಾಯಿಲ್ (ತಲೆಯ ಸುತ್ತ ಸಂಕೇತ ಹಿಡಿಯುವ ಭಾಗ) ಕೂಡ 20 ಚಾನೆಲ್‌ನಿಂದ 32 ಚಾನೆಲ್‌ಗೆ ಬದಲಾಗಿದೆ.

ಒಬ್ಬರ ಅಂಕಿಗಳನ್ನು ಉದಾಹರಣೆಗೆ ಕೊಡುತ್ತೇನೆ. ಫ್ರೀಸರ್ಫರ್‌ನಲ್ಲಿ ಪ್ರತಿ ಸ್ಕ್ಯಾನನ್ನೂ ಬೇರೆಬೇರೆಯಾಗಿ ಓಡಿಸಿದಾಗ (ಮಿದುಳನ್ನು ಭಾಗಗಳಾಗಿ ವಿಂಗಡಿಸಿ ಅಳೆಯುವ ತಂತ್ರಾಂಶ ಅದು) ಕುಹರಗಳನ್ನು, ಅಂದರೆ ಒಳಗಿನ ದ್ರವದ ಕುಳಿಗಳನ್ನು, ಬಿಟ್ಟು ಮಿದುಳಿನ ಗಾತ್ರ 1121, 1134, 1098 ಮಿ.ಲೀ. ಅಂದರೆ ಮೊದಲು ಸುಮಾರು 1.2% ಏರಿಕೆ, ಆಮೇಲೆ 3.2% ಇಳಿಕೆ. ಅದೇ ಚಿತ್ರಗಳಿಗೆ ಎಫ್‌ಎಸ್‌ಎಲ್‌ ತಂತ್ರಾಂಶದ ಸಿಯೆನಾ (ಎರಡು ಸ್ಕ್ಯಾನ್ ಹೋಲಿಸಿ ಬದಲಾವಣೆಯನ್ನು ನೇರ ಅಳೆಯುವ ಉಪಕರಣ) ಕೊಟ್ಟದ್ದು: ಮೊದಲಿಂದ ಎರಡಕ್ಕೆ −0.4%, ಎರಡರಿಂದ ಮೂರಕ್ಕೆ −1.9%, ಮೊದಲಿಂದ ನೇರವಾಗಿ ಮೂರಕ್ಕೆ −2.0%.

ಪ್ರಶ್ನೆಗಳು ಮೂರು. ಎರಡರಲ್ಲಿ ಯಾವುದನ್ನು ನಂಬಬೇಕು? ಸಿಯೆನಾದಲ್ಲಿ ಎರಡು ಹಂತಗಳನ್ನು ಸೇರಿಸಿದರೆ −2.3% ಆಗುತ್ತದೆ, ನೇರ ಹೋಲಿಕೆ −2.0% ಎನ್ನುತ್ತದೆ, ಇದು ದೋಷವೇ? ಎರಡನೇ ವರ್ಷದ ಆ ದೊಡ್ಡ ಕುಸಿತ ರೋಗದ್ದೋ, ಯಂತ್ರದ್ದೋ ಎಂದು ಪತ್ತೆ ಹಚ್ಚುವುದು ಹೇಗೆ?

---

ಅಂಚುರೇಖೆ

ಬೇರೆಬೇರೆಯಾಗಿ ಓಡಿಸಿದ ಫ್ರೀಸರ್ಫರ್ ಅಂಕಿಗಳನ್ನು ಒಂದರಿಂದ ಒಂದು ಕಳೆಯುವುದನ್ನು ಮೊದಲು ಬಿಡಿ. ಅದು ಲಾರಿಯನ್ನು ಎರಡು ಸಲ ತೂಗಿ ಚಾಲಕನ ತೂಕ ಹೇಳಿದ ಹಾಗೆ. ಎರಡು ದೊಡ್ಡ ಸಂಖ್ಯೆಗಳು, ಎರಡರಲ್ಲೂ ಪ್ರತ್ಯೇಕ ದೋಷ, ನಿಮಗೆ ಬೇಕಿರುವ ಉತ್ತರ ಆ ದೋಷಕ್ಕಿಂತ ಚಿಕ್ಕದು. ಆ 1.2% ಏರಿಕೆಗೆ ಅರ್ಥ ಹುಡುಕುವ ಅಗತ್ಯವೇ ಇಲ್ಲ.

ಎಷ್ಟು ಸೂಕ್ಷ್ಮವಾದದ್ದನ್ನು ಅಳೆಯುತ್ತಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮಿದುಳು 1100 ಮಿ.ಲೀ. ಇದ್ದರೆ 1% ಅಂದರೆ 11 ಘನ ಸೆಂ.ಮೀ. ಕಾರ್ಟೆಕ್ಸಿನ ಹೊರಮೈ, ಮಡಿಕೆಗಳನ್ನೂ ಸೇರಿಸಿ, ಸರಿಸುಮಾರು 1800 ಚದರ ಸೆಂ.ಮೀ. ಆ ನಷ್ಟ ಇಡೀ ಮೇಲ್ಮೈಗೆ ಸಮನಾಗಿ ಹಂಚಿಹೋಗಿದೆ ಎಂದುಕೊಂಡರೆ ಅಂಚು ಒಳಸರಿದದ್ದು 0.06 ಮಿ.ಮೀ. ಮಾತ್ರ. ನಿಮ್ಮ ವೋಕ್ಸೆಲ್ 1 ಮಿ.ಮೀ. ವೋಕ್ಸೆಲಿನ ಹದಿನಾರನೇ ಒಂದು ಭಾಗದ ಸರಿತವನ್ನು ನಾವು ಹಿಡಿಯಬೇಕು. ಎರಡೂ ಚಿತ್ರಗಳು ಪ್ರತಿ ಹಂತದಲ್ಲೂ ಒಂದೇ ರೀತಿ ಸಂಸ್ಕರಣೆ ಆಗಿದ್ದರೆ ಮಾತ್ರ ಇದು ಆಗುವ ಮಾತು. ಸಿಯೆನಾ, ಬೌಂಡರಿ ಶಿಫ್ಟ್ ಇಂಟಿಗ್ರಲ್ (ಅಂಚಿನ ಸರಿತ ಅಳೆಯುವ ಇನ್ನೊಂದು ವಿಧಾನ), ಫ್ರೀಸರ್ಫರಿನ ಲಾಂಗಿಟ್ಯೂಡಿನಲ್ ಹಾದಿ (ಒಬ್ಬರ ಎಲ್ಲ ಸ್ಕ್ಯಾನ್‌ಗಳನ್ನೂ ಒಟ್ಟಿಗೆ ನೋಡುವುದು) ಎಲ್ಲವೂ ಹುಟ್ಟಿದ್ದು ಈ ಕಾರಣಕ್ಕೇ.

ಫ್ರೀಸರ್ಫರ್ ಬೇಕೇ ಬೇಕು ಅಂದರೆ ಲಾಂಗಿಟ್ಯೂಡಿನಲ್ ಹಾದಿಯಲ್ಲಿ ಮೂರು ಸುತ್ತು ಓಡಿಸಬೇಕು. ಮೊದಲ ಸುತ್ತು ನೀವು ಈಗಾಗಲೇ ಮಾಡಿರುವಂಥದ್ದು, ಪ್ರತಿ ಸ್ಕ್ಯಾನಿಗೂ ರೀಕಾನ್-ಆಲ್ (ಫ್ರೀಸರ್ಫರಿನ ಮುಖ್ಯ ಆದೇಶ). ಎರಡನೆಯದು "ಬೇಸ್": ರೀಕಾನ್-ಆಲ್‌ಗೆ ಬೇಸ್ ಆಯ್ಕೆ ಕೊಟ್ಟು, ಆ ವ್ಯಕ್ತಿಯ ಮೂರೂ ಕಾಲಬಿಂದುಗಳನ್ನು ಒಟ್ಟಿಗೆ ಹೆಸರಿಸಬೇಕು. ಅದು ಮೂರನ್ನೂ ಮಧ್ಯದ ಒಂದು ಜಾಗಕ್ಕೆ ತಂದು ಆ ವ್ಯಕ್ತಿಯದೇ ಟೆಂಪ್ಲೇಟ್ ಕಟ್ಟುತ್ತದೆ. ಯಾವ ಸ್ಕ್ಯಾನಿಗೂ "ನೀನು ಮೊದಲು" ಎಂಬ ಪಕ್ಷಪಾತ ಇರುವುದಿಲ್ಲ. ಮೂರನೆಯದು "ಲಾಂಗ್": ಪ್ರತಿ ಕಾಲಬಿಂದುವನ್ನೂ ಆ ಟೆಂಪ್ಲೇಟಿನಿಂದ ಶುರುಮಾಡಿ ಮತ್ತೆ ಓಡಿಸುವುದು. ವಿಶ್ಲೇಷಣೆಗೆ ಹೋಗಬೇಕಾದ ಅಂಕಿ ಈ ಕೊನೆಯ ಸುತ್ತಿನ ಫೋಲ್ಡರಿನದು. ಮೊದಲ ಸುತ್ತಿನ ಅಂಕಿಗಳನ್ನು ಕೋಷ್ಟಕಕ್ಕೆ ಹಾಕುವ ತಪ್ಪು ಬಹಳ ಕಡೆ ಕಾಣುತ್ತದೆ, ಫೋಲ್ಡರಿನ ಹೆಸರುಗಳು ಹತ್ತಿರಹತ್ತಿರ ಇರುವುದರಿಂದ.

ಇಲ್ಲಿ ಕೆಡುವುದು ಹೀಗೆ. ನಂತರ ನಾಲ್ಕನೇ ಸ್ಕ್ಯಾನ್ ಬಂದರೆ ಬೇಸನ್ನು ಹೊಸದಾಗಿ ಕಟ್ಟಿ ಎಲ್ಲ ಲಾಂಗ್‌ಗಳನ್ನೂ ಮತ್ತೆ ಓಡಿಸಬೇಕು. ಒಂದೇ ಸ್ಕ್ಯಾನ್ ಇರುವವರನ್ನೂ ಬೇಸ್, ಲಾಂಗ್ ಎರಡರಲ್ಲೂ ಹಾಯಿಸಬೇಕು, ಇಲ್ಲವಾದರೆ ಅವರ ಅಂಕಿ ಬೇರೆ ಜಾತಿಯದಾಗುತ್ತದೆ. ಅಧ್ಯಯನದ ನಡುವೆ ಆವೃತ್ತಿ ಬದಲಿಸಬಾರದು. ಆಪರೇಟಿಂಗ್ ಸಿಸ್ಟಮ್ ಬದಲಾದರೂ ಅಂಕಿ ಅಲುಗುತ್ತದೆ ಎಂಬುದು 2012ರಲ್ಲೇ ಪ್ರಕಟವಾದ ವಿಷಯ. ಬ್ರೈನ್‌ಮಾಸ್ಕಿನಲ್ಲಿ (ಮಿದುಳನ್ನು ಮಾತ್ರ ಉಳಿಸಿದ ಚಿತ್ರ) ಡ್ಯೂರಾ, ಅಂದರೆ ಮಿದುಳಿನ ಹೊರಪೊರೆ, ಉಳಿದುಕೊಂಡಿದ್ದರೆ ಮೊದಲು ಬೇಸನ್ನು ತೆರೆದು ನೋಡಿ. ಅಲ್ಲಿ ತಿದ್ದಿದ್ದು ಬಹುಪಾಲು ಲಾಂಗ್‌ಗಳನ್ನೂ ಸರಿಮಾಡುತ್ತದೆ. ಒಂದು ಕಾಲಬಿಂದುವನ್ನು ಮಾತ್ರ ಕೈಯಿಂದ ತಿದ್ದಿ ಉಳಿದವನ್ನು ಹಾಗೇ ಬಿಟ್ಟರೆ ಆ ತಿದ್ದುಪಡಿಯೇ ಮಿದುಳಿನ "ಸವೆತ"ವಾಗಿ ಹೊರಬರುತ್ತದೆ.

ಸಿಯೆನಾ ಬೇರೆ ದಾರಿ ಹಿಡಿಯುತ್ತದೆ. ಎರಡೂ ಚಿತ್ರಗಳಿಂದ ಮಿದುಳು ಮತ್ತು ತಲೆಬುರುಡೆಯನ್ನು ಬೇರ್ಪಡಿಸಿ, ಅಳತೆಪಟ್ಟಿ ಬುರುಡೆಯಿಂದ ತೆಗೆದುಕೊಂಡು, ಎರಡನ್ನೂ ನಡುದಾರಿಯ ಜಾಗಕ್ಕೆ ಸಮನಾಗಿ ಸರಿಸುತ್ತದೆ. ಆಮೇಲೆ ಮಿದುಳು ಮತ್ತು ಸಿಎಸ್‌ಎಫ್ (ಮಿದುಳಿನ ಸುತ್ತಲಿನ ದ್ರವ) ನಡುವಿನ ಅಂಚಿನ ಪ್ರತಿ ಬಿಂದುವಿನಲ್ಲಿ ಎಷ್ಟು ಸರಿದಿದೆ ಎಂದು ನೋಡಿ, ಸರಾಸರಿಯನ್ನು ಶೇಕಡಾವಾರು ಬದಲಾವಣೆಗೆ ಪರಿವರ್ತಿಸುತ್ತದೆ. ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕುತ್ತದೆ. ವರದಿ ಪುಟದಲ್ಲಿ ಆ ಎರಡು ಅಂಕಿಗಳನ್ನು ಹೋಲಿಸಿ ನೋಡಿ, ದೂರ ಇದ್ದರೆ ಒಳಗೆ ಏನೋ ಕೆಟ್ಟಿದೆ.

ಬಹುತೇಕ ಕೆಡುವುದು ಬೆಟ್ ಹಂತದಲ್ಲಿ, ಅಂದರೆ ಚಿತ್ರದಿಂದ ಮಿದುಳನ್ನು ಬೇರ್ಪಡಿಸುವ ಉಪಕರಣದಲ್ಲಿ. ಚಿತ್ರದಲ್ಲಿ ಕುತ್ತಿಗೆ ಹೆಚ್ಚಿದ್ದರೆ ಬೆಟ್ ಆರಂಭದ ಗೋಳದ ಕೇಂದ್ರವನ್ನು ಕೆಳಗೆ ಇಡುತ್ತದೆ, ನೆತ್ತಿಯ ಕಡೆ ಮಿದುಳು ಕತ್ತರಿಸಿಹೋಗುತ್ತದೆ. ಮೊದಲು ರೋಬಸ್ಟ್‌ಎಫ್‌ಒವಿ ಓಡಿಸಿ ಕುತ್ತಿಗೆ ತೆಗೆಯಿರಿ, ಎಲ್ಲ ಕಾಲಬಿಂದುಗಳಿಗೂ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಟಿ1 ಚಿತ್ರಗಳಿಗೆ ಬೆಟ್‌ನ ಮೂಲ ಮಿತಿ 0.5 ಬಹಳ ಬಿಗಿ; 0.1ರಿಂದ 0.2ಕ್ಕೆ ಇಳಿಸಿ, ದೊಡ್ಡಕ್ಷರ ಬಿ ಆಯ್ಕೆ ಸೇರಿಸಿ ನೋಡಿ. ಯಾವ ಮೌಲ್ಯ ಆರಿಸಿದರೂ ಇಡೀ ಗುಂಪಿಗೆ ಅದೇ ಇರಲಿ. ಕೊನೆಗೆ ಅಂಚು ಸರಿದ ಚಿತ್ರವನ್ನು ಕಣ್ಣಿಂದ ನೋಡಲೇಬೇಕು. ನಿಜವಾದ ಸವೆತ ಕುಹರಗಳ ಸುತ್ತಲೂ ಸಲ್ಕಸ್‌ಗಳಲ್ಲೂ (ಮಡಿಕೆಗಳ ನಡುವಿನ ಬಿರುಕು) ಹರಡಿಕೊಂಡಿರುತ್ತದೆ. ನೆತ್ತಿಯಲ್ಲಿ ಮಾತ್ರ ಒಂದು ದಟ್ಟ ಪಟ್ಟಿ, ಅಥವಾ ಹಣೆಯ ಕಡೆ ಹಿಗ್ಗು, ಹಿಂಬದಿಯಲ್ಲಿ ಕುಗ್ಗು ಎಂಬ ನಮೂನೆ ಕಂಡರೆ ಅದು ಜೋಡಣೆಯ ಅಥವಾ ವಿರೂಪದ ಗುರುತು.

ನಿಮ್ಮ −2.3 ಮತ್ತು −2.0ರ ಬಗ್ಗೆ: ಒಳ್ಳೆಯ ಚಿತ್ರಗಳಲ್ಲಿ ಸಿಯೆನಾದ ದೋಷ ಪ್ರತಿ ಹೋಲಿಕೆಗೆ ಸುಮಾರು 0.15–0.2%. ಮೂರು ಸ್ವತಂತ್ರ ಹೋಲಿಕೆಗಳನ್ನು ಒಂದರೊಡನೊಂದು ತಾಳೆ ನೋಡುವಾಗ ಆ ದೋಷ ಮೂರರ ವರ್ಗಮೂಲದಷ್ಟು ಬೆಳೆದು ಹೆಚ್ಚುಕಡಿಮೆ 0.35% ಆಗುತ್ತದೆ. 0.3ರ ವ್ಯತ್ಯಾಸ ಅದರೊಳಗೇ ಇದೆ. ಒಬ್ಬರಲ್ಲಿ ಇದು ದೋಷವಲ್ಲ. ಆದರೆ ಗುಂಪಿನ ಎಲ್ಲರಲ್ಲೂ ವ್ಯತ್ಯಾಸ ಒಂದೇ ದಿಕ್ಕಿಗೆ ವಾಲಿದ್ದರೆ ಮಾತ್ರ ಯೋಚಿಸಬೇಕು.

---

ಫ್ಯಾಂಟಮ್

ಮೂರನೇ ಪ್ರಶ್ನೆಗೆ ಬರುತ್ತೇನೆ. ಅಪ್‌ಗ್ರೇಡ್ ಮತ್ತು ಕಾಯಿಲ್ ಎರಡೂ ಒಟ್ಟಿಗೆ ಬದಲಾಗಿರುವಾಗ ಮೂರನೇ ಬಿಂದುವಿನ −1.9% ಅನ್ನು ರೋಗದ ಲೆಕ್ಕಕ್ಕೆ ಬರೆಯುವ ಮುನ್ನ ಡೈಕಾಮ್ ಹೆಡರ್ (ಯಂತ್ರದ ಚಿತ್ರಕಡತದಲ್ಲಿರುವ ಸ್ಕ್ಯಾನಿನ ವಿವರ) ತೆಗೆದು ನೋಡಿ. ಚಿತ್ರ ನೋಡಿ ಇದು ಗೊತ್ತಾಗುವುದಿಲ್ಲ.

ಮೊದಲು "ಇಮೇಜ್ ಟೈಪ್" ಎಂಬ ಸಾಲು. ಸೀಮೆನ್ಸ್ ಯಂತ್ರವಾದರೆ ಅಲ್ಲಿ ಎನ್‌ಡಿ, ಡಿಐಎಸ್2ಡಿ, ಡಿಐಎಸ್3ಡಿ ಇವುಗಳಲ್ಲಿ ಒಂದು ಇರುತ್ತದೆ. ಎನ್‌ಡಿ ಅಂದರೆ ಗ್ರೇಡಿಯಂಟಿನ (ಚಿತ್ರದಲ್ಲಿ ಜಾಗ ಗುರುತಿಸುವ ಕಾಂತಕ್ಷೇತ್ರ) ವಕ್ರತೆಯನ್ನು ತಿದ್ದಿಲ್ಲ. ಎರಡನೆಯದು ಸ್ಲೈಸಿನ ಸಮತಲದಲ್ಲಿ ಮಾತ್ರ ತಿದ್ದಿದೆ. ಮೂರನೆಯದು ಮೂರೂ ದಿಕ್ಕಿನಲ್ಲಿ ತಿದ್ದಿದೆ. ಗ್ರೇಡಿಯಂಟ್ ಕ್ಷೇತ್ರ ಯಂತ್ರದ ಕೇಂದ್ರಬಿಂದುವಿನ ಹತ್ತಿರ ಮಾತ್ರ ನೇರ. ದೂರ ಹೋದಷ್ಟೂ ಬಾಗುತ್ತದೆ, ಆ ಜಾಗದ ಮಿದುಳು ಹಿಗ್ಗಿದಂತೆಯೋ ಕುಗ್ಗಿದಂತೆಯೋ ಕಾಣುತ್ತದೆ. ಅಪ್‌ಗ್ರೇಡ್ ಆದಾಗ ಪ್ರೋಟೋಕಾಲ್ ಹೊಸದಾಗಿ ಕಟ್ಟಿದ್ದರೆ ಈ ಆಯ್ಕೆ ಬದಲಾಗಿರುವುದು ಬಹಳ ಸಾಮಾನ್ಯ. 32 ಚಾನೆಲ್ ಕಾಯಿಲ್ ಹೆಚ್ಚು ಬಿಗಿ, ತಲೆ ಕೂರುವ ಎತ್ತರ ಮತ್ತು ಆಳ ಬೇರೆ. ಅಂದರೆ ತಿದ್ದುಪಡಿ ಸರಿಯಾಗಿಲ್ಲದಿದ್ದರೆ ಅದೇ ತಲೆ ಬೇರೆ ವಿರೂಪದ ವಲಯದಲ್ಲಿ ಕೂರುತ್ತದೆ.

ಸಿಯೆನಾ ಬುರುಡೆಯಿಂದ ಅಳತೆ ಸರಿಪಡಿಸುತ್ತದೆಯಲ್ಲ, ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಬುರುಡೆ ಸರಿಪಡಿಸುವುದು ಒಟ್ಟಾರೆ ಸ್ಕೇಲನ್ನು. ನೆತ್ತಿಯಲ್ಲಿ ಒಂದು ತರಹ, ಸೆರೆಬೆಲ್ಲಮ್ ಬಳಿ ಇನ್ನೊಂದು ತರಹ ಇರುವ ವಿರೂಪವನ್ನಲ್ಲ. ಫ್ರೀಸರ್ಫರಿನ ಬೇಸ್ ಜೋಡಣೆಯಂತೂ ಸಾಮಾನ್ಯವಾಗಿ ಆರು ಸ್ವಾತಂತ್ರ್ಯದ ಡಿಗ್ರಿಗಳದು (ಡಿಗ್ರಿ ಆಫ್ ಫ್ರೀಡಂ), ಸರಿಸುವುದು ಮತ್ತು ತಿರುಗಿಸುವುದು ಮಾತ್ರ. ಅಲ್ಲಿ ಸ್ಕೇಲಿನ ಅಲುಗಾಟವೂ ನೇರವಾಗಿ ಉತ್ತರಕ್ಕೆ ಸೇರುತ್ತದೆ.

ಸ್ಕೇಲಿನ ಅಲುಗಾಟ ಚಿಕ್ಕದೆಂದು ಬಿಡಬೇಡಿ. ಗ್ರೇಡಿಯಂಟ್ ಕ್ಯಾಲಿಬ್ರೇಶನ್ ಮೂರೂ ಅಕ್ಷಗಳಲ್ಲಿ 0.1% ಸರಿದರೆ 180 ಮಿ.ಮೀ. ಉದ್ದದ ತಲೆಯಲ್ಲಿ ಅದು 0.18 ಮಿ.ಮೀ. ಕಣ್ಣಿಗೆ ಕಾಣದು. ಆದರೆ ಗಾತ್ರದಲ್ಲಿ 0.3%. ಯಂತ್ರ ಎಸಿಆರ್ (ಅಮೆರಿಕದ ರೇಡಿಯಾಲಜಿ ಸಂಸ್ಥೆ) ಫ್ಯಾಂಟಮ್, ಅಂದರೆ ಅಳತೆ ಗೊತ್ತಿರುವ ಮಾದರಿ ವಸ್ತುವಿನ, ಪರೀಕ್ಷೆ ಪಾಸಾಗಿದೆ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಆ ದೊಡ್ಡ ಫ್ಯಾಂಟಮಿನ ಒಳವ್ಯಾಸ 190 ಮಿ.ಮೀ., ಅದರಲ್ಲಿ 2 ಮಿ.ಮೀ. ವ್ಯತ್ಯಾಸ ಇದ್ದರೂ ಪಾಸು. 190ಕ್ಕೆ 2 ಅಂದರೆ 1%ಗಿಂತ ಹೆಚ್ಚು. ಮೂರೂ ದಿಕ್ಕಿನಲ್ಲಿ ಹಾಗಿದ್ದರೆ ಗಾತ್ರದಲ್ಲಿ 3% ದಾಟುತ್ತದೆ. ರೋಗನಿರ್ಣಯದ ಚಿತ್ರಕ್ಕೆ ಆ ಮಿತಿ ಧಾರಾಳ ಸಾಕು. ವರ್ಷಕ್ಕೆ ಅರ್ಧ ಶೇಕಡಾ ಹುಡುಕುವವರಿಗೆ ಅದು ಏನನ್ನೂ ಖಾತ್ರಿಪಡಿಸುವುದಿಲ್ಲ. ಫ್ಯಾಂಟಮನ್ನು ಪಾಸು-ಫೇಲು ನೋಡಿ ಬಿಡದೆ ಮೂರೂ ಅಕ್ಷಗಳ ಅಳತೆಯನ್ನು ದಿನಾಂಕದ ಎದುರು ಗ್ರಾಫಿನಲ್ಲಿ ಹಾಕಿ. ಅಪ್‌ಗ್ರೇಡ್ ದಿನದಂದು ಮೆಟ್ಟಿಲು ಕಂಡರೆ ನಿಮ್ಮ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಫ್ಯಾಂಟಮ್ ದಾಖಲೆ ಇಲ್ಲವಾದರೆ ಬಡವರ ಪರೀಕ್ಷೆಯೊಂದಿದೆ: ವಯಸ್ಕರ ತಲೆಬುರುಡೆಯ ಒಳಗಾತ್ರ ಎರಡು ವರ್ಷದಲ್ಲಿ ಬದಲಾಗುವುದಿಲ್ಲ. ಮೊದಲ ಸುತ್ತಿನ, ಬೇರೆಬೇರೆ ಓಡಿಸಿದ ಫ್ರೀಸರ್ಫರ್ ಫಲಿತಾಂಶದಲ್ಲಿ ತಲೆಯ ಒಟ್ಟು ಗಾತ್ರದ ಅಂದಾಜನ್ನು ಮೂರು ಬಿಂದುಗಳಲ್ಲಿ ಹೋಲಿಸಿ. ಒಬ್ಬಿಬ್ಬರಲ್ಲಿ ಅಲುಗಿದರೆ ಅದು ಅಂದಾಜಿನ ಗದ್ದಲ. ಇಡೀ ಗುಂಪಿನ ಸರಾಸರಿ ಮೂರನೇ ಬಿಂದುವಿನಲ್ಲಿ ಸರಿದಿದ್ದರೆ ಯಂತ್ರವೇ ಬದಲಾಗಿದೆ. ಮಕ್ಕಳ ಅಧ್ಯಯನದಲ್ಲಿ ಈ ಪರೀಕ್ಷೆಯೂ ಬೇಡ, ಬುರುಡೆ ಆಧರಿಸಿದ ಸ್ಕೇಲೂ ಬೇಡ. ಅಲ್ಲಿ ಬುರುಡೆಯೇ ಬೆಳೆಯುತ್ತಿರುತ್ತದೆ.

ಹೆಡರಿನಲ್ಲಿ ಇನ್ನೂ ನೋಡಬೇಕಾದ್ದು: ಟಿಆರ್, ಟಿಇ, ಟಿಐ, ಫ್ಲಿಪ್ ಕೋನ, ಬ್ಯಾಂಡ್‌ವಿಡ್ತ್, ಸಮಾಂತರ ಚಿತ್ರಣದ ವೇಗವರ್ಧನೆ (ಇವೆಲ್ಲ ಸ್ಕ್ಯಾನಿನ ಸೆಟ್ಟಿಂಗ್), ಪ್ರೀಸ್ಕ್ಯಾನ್ ನಾರ್ಮಲೈಸ್ (ಚಿತ್ರದ ಹೊಳಪನ್ನು ಸಮ ಮಾಡುವ ಆಯ್ಕೆ) ಇದೆಯೋ ಇಲ್ಲವೋ. 32 ಚಾನೆಲ್ ಕಾಯಿಲ್‌ನಲ್ಲಿ ಹೊರಭಾಗ ಬೆಳ್ಳಗೆ, ನಡುಭಾಗ ಮಂಕು. ನಾರ್ಮಲೈಸ್ ಆಗದ ಚಿತ್ರದಲ್ಲಿ ಬೂದು ದ್ರವ್ಯ ಮತ್ತು ಸಿಎಸ್‌ಎಫ್ ನಡುವಿನ ಅಂಚಿನ ಇಳಿಜಾರೇ ಬೇರೆ, ಹಾಗಾಗಿ ಏನೂ ಸರಿಯದಿದ್ದರೂ ಅಂಚು ಸರಿದಂತೆ ಲೆಕ್ಕ ಬರುತ್ತದೆ. ಗ್ಯಾಡೋಲಿನಿಯಂ (ಕಾಂಟ್ರಾಸ್ಟ್ ಚುಚ್ಚುಮದ್ದು) ಕೊಟ್ಟ ನಂತರದ ಟಿ1 ಯಾವುದಾದರೂ ನುಸುಳಿದೆಯೇ ಎಂದೂ ನೋಡಿ; ಕೊಡುವ ಮುಂಚಿನದು ಮತ್ತು ನಂತರದ್ದನ್ನು ಜೋಡಿ ಮಾಡಬಾರದು.

---

ಮೂರುಸ್ಕ್ಯಾನ್

ಹೆಡರ್‌ಗಳನ್ನು ಸಾಲಾಗಿ ತೆಗೆದು ನೋಡಿದಾಗ ಟಿಆರ್ 2300, ಟಿಐ 900, ಫ್ಲಿಪ್ 9 ಡಿಗ್ರಿ, ಎಲ್ಲ ಬಿಂದುಗಳಲ್ಲೂ ಒಂದೇ. ಆದರೆ ಮೊದಲ ಎರಡು ಬಿಂದುಗಳಲ್ಲಿ ಬಳಸಿದ ಸರಣಿ ಡಿಐಎಸ್2ಡಿ, ಮೂರನೆಯದು ಡಿಐಎಸ್3ಡಿ. ಎಲ್ಲ ಭೇಟಿಗಳಲ್ಲೂ ಎನ್‌ಡಿ ಎಂಬ ಇನ್ನೊಂದು ಸರಣಿಯೂ ಆರ್ಕೈವ್‌ನಲ್ಲಿದೆ. ಅದನ್ನು ಬಳಸಬಹುದೇ?

ಇನ್ನೆರಡು ವಿಷಯ. ಕೆಲವರಿಗೆ ಸ್ಕ್ಯಾನಿಗೆ ಕೆಲವೇ ವಾರ ಮುಂಚೆ ಸ್ಟೀರಾಯ್ಡ್ ಕೋರ್ಸ್ ಆಗಿದೆ, ಕೆಲವರು ಮೊದಲ ವರ್ಷದಲ್ಲೇ ಹೊಸ ಔಷಧ ಶುರುಮಾಡಿದ್ದಾರೆ. ಮತ್ತು ಕಾಯಿಲ್ ವ್ಯತ್ಯಾಸವನ್ನು ಕಾಂಬ್ಯಾಟ್ ಹಾರ್ಮೊನೈಸೇಶನ್‌ನಿಂದ (ಯಂತ್ರಗಳ ನಡುವಿನ ವ್ಯತ್ಯಾಸ ಕಳೆಯುವ ಅಂಕಿಅಂಶ ವಿಧಾನ) ತೆಗೆದುಹಾಕಬಹುದು ಎಂಬ ಸಲಹೆ ಬಂದಿದೆ. ಸರಿಯೇ?

---

ಫ್ಯಾಂಟಮ್

ಎನ್‌ಡಿ ಸರಣಿ ಉಳಿದಿರುವುದು ದೊಡ್ಡ ಅನುಕೂಲ. ಎಲ್ಲ ಬಿಂದುಗಳ ಎನ್‌ಡಿ ಚಿತ್ರಗಳನ್ನು ತೆಗೆದುಕೊಂಡು, ಆ ಯಂತ್ರದ ಗ್ರೇಡಿಯಂಟ್ ಗುಣಾಂಕಗಳ ಕಡತ ಬಳಸಿ, ಗ್ರ್ಯಾಡ್‌ಅನ್‌ವಾರ್ಪ್‌ನಂಥ ಉಪಕರಣದಿಂದ ಮೂರು ದಿಕ್ಕಿನ ತಿದ್ದುಪಡಿಯನ್ನು ನೀವೇ ಒಂದೇ ರೀತಿ ಮಾಡಿ. ಗುಣಾಂಕಗಳ ಕಡತ ತಯಾರಕರದು, ಯಂತ್ರದ ಮಾದರಿಗೆ ತಕ್ಕಂತೆ ಬೇರೆ. ಯಂತ್ರ ನೋಡಿಕೊಳ್ಳುವ ಭೌತವಿಜ್ಞಾನಿಯ ಮೂಲಕ ಕೇಳಬೇಕು. ಡಿಐಎಸ್2ಡಿ ಚಿತ್ರದ ಮೇಲೆ ಮತ್ತೆ ಪೂರ್ತಿ ತಿದ್ದುಪಡಿ ಹಾಕಬೇಡಿ, ಎರಡು ದಿಕ್ಕು ಎರಡು ಸಲ ತಿದ್ದಿದಂತಾಗುತ್ತದೆ.

ಎಚ್ಚರ ಒಂದಿದೆ. ಈ ತಿದ್ದುಪಡಿಗೆ ಚಿತ್ರ ಯಂತ್ರದ ಕೇಂದ್ರದಿಂದ ಎಷ್ಟು ದೂರ ಇತ್ತು ಎಂಬುದು ಗೊತ್ತಿರಬೇಕು, ಆ ಮಾಹಿತಿ ನಿಫ್ಟಿ (ವಿಶ್ಲೇಷಣೆಗೆ ಬಳಸುವ ಚಿತ್ರಕಡತದ ರೂಪ) ಹೆಡರಿನ ನಿರ್ದೇಶಾಂಕದಲ್ಲಿದೆ. ಆದ್ದರಿಂದ ಡಿಸಿಎಂ2ನಿಕ್ಸ್‌ ಉಪಕರಣದಿಂದ ಡೈಕಾಮನ್ನು ನಿಫ್ಟಿಗೆ ಪರಿವರ್ತಿಸಿದ ಮೇಲೆ ತಿದ್ದುಪಡಿ ಮೊದಲು, ಮಿಕ್ಕದ್ದು ಆಮೇಲೆ. ದಿಕ್ಕು ಬದಲಿಸುವುದು, ಮಧ್ಯಕ್ಕೆ ತರುವುದು, ಬೇರೆ ಜಾಗಕ್ಕೆ ಜೋಡಿಸುವುದು ಯಾವುದನ್ನಾದರೂ ಮೊದಲು ಮಾಡಿ ನಿರ್ದೇಶಾಂಕ ಅಳಿಸಿಹೋಗಿದ್ದರೆ ತಿದ್ದುಪಡಿ ತಪ್ಪು ಜಾಗಕ್ಕೆ ಬೀಳುತ್ತದೆ. ದೋಷಸಂದೇಶ ಏನೂ ಬರುವುದಿಲ್ಲ.

ಮುಂದಿನ ಸ್ಕ್ಯಾನ್‌ಗಳಿಗೆ ಹಳೆಯ ಕಾಯಿಲ್ ಇನ್ನೂ ಇದ್ದರೆ ಕೆಲವು ಸ್ವಯಂಸೇವಕರನ್ನು ಒಂದೇ ದಿನ ಎರಡೂ ಕಾಯಿಲ್‌ಗಳಲ್ಲಿ ಸ್ಕ್ಯಾನ್ ಮಾಡಿಸಿ. ಕಾಯಿಲ್‌ನ ಪಾಲು ಎಷ್ಟೆಂದು ತಿಳಿಯುತ್ತದೆ. ಸಾಫ್ಟ್‌ವೇರಿನ ಪಾಲು ಹೀಗೆ ತಿಳಿಯುವುದಿಲ್ಲ. ಅದಕ್ಕೆ ಅಪ್‌ಗ್ರೇಡಿಗೆ ಹಿಂದೆ ಮುಂದೆ ಕೆಲವೇ ದಿನಗಳ ಅಂತರದಲ್ಲಿ ಅದೇ ಜನರ ಸ್ಕ್ಯಾನ್ ಆಗಿರಬೇಕಿತ್ತು.

---

ಇಳಿಜಾರು

ಕಾಂಬ್ಯಾಟ್ ಬಗ್ಗೆ ನೇರವಾಗಿ ಹೇಳುತ್ತೇನೆ: ನಿಮ್ಮ ವಿನ್ಯಾಸದಲ್ಲಿ ಅದು ಕೆಲಸ ಮಾಡದು. ಎಲ್ಲರ ಮೂರನೇ ಸ್ಕ್ಯಾನ್ ಅಪ್‌ಗ್ರೇಡಿನ ನಂತರದ್ದು, ಯಾರ ಮೊದಲೆರಡು ಸ್ಕ್ಯಾನೂ ನಂತರದ್ದಲ್ಲ. ಕಾಲ ಮತ್ತು ಯಂತ್ರ ಒಂದಕ್ಕೊಂದು ಅಂಟಿಕೊಂಡಿವೆ. ಕಾಂಬ್ಯಾಟ್ ಯಂತ್ರದ ಪ್ರಭಾವ ತೆಗೆಯುವಾಗ ಜೊತೆಗೆ ನಿಜವಾದ ಸವೆತವನ್ನೂ ತೆಗೆಯಬಹುದು, ಇಲ್ಲವೇ ಎರಡನ್ನೂ ಬಿಡಬಹುದು. ಲಾಂಗಿಟ್ಯೂಡಿನಲ್ ಕಾಂಬ್ಯಾಟ್ ಎಂಬುದಿದೆ, ಒಂದೇ ವ್ಯಕ್ತಿಯ ಮರುಅಳತೆಗಳನ್ನು ಅದು ಪರಿಗಣಿಸುತ್ತದೆ. ಆದರೆ ಕೆಲವರಾದರೂ ಹಳೆಯ ವ್ಯವಸ್ಥೆಯಲ್ಲೇ ಎರಡನೇ ವರ್ಷ ಮುಗಿಸಿರಬೇಕು, ಅಥವಾ ಆರೋಗ್ಯವಂತರ ಗುಂಪೊಂದು ಇದೇ ತಾರೀಖುಗಳಲ್ಲಿ ಸ್ಕ್ಯಾನ್ ಆಗಿರಬೇಕು. ಅಂಥ ಗುಂಪಿದ್ದರೆ ಅವರಲ್ಲಿ ಕಾಣುವ ಹೆಚ್ಚುವರಿ ಜಿಗಿತವೇ ಯಂತ್ರದ ಅಂದಾಜು. ಎರಡೂ ಇಲ್ಲವಾದರೆ, ವಿರೂಪ ತಿದ್ದಿದ ಮೇಲೂ ಎರಡನೇ ವರ್ಷದ ಅಂಕಿಯನ್ನು ಮೊದಲ ವರ್ಷದ ಅಂಕಿಗೆ ನೇರ ಹೋಲಿಸಿ "ಸವೆತ ವೇಗ ಪಡೆದಿದೆ" ಎಂದು ಬರೆಯಲಾಗದು. ರೋಗಿಗಳ ಒಳಗಿನ ಎರಡು ಗುಂಪುಗಳ ಹೋಲಿಕೆ ಮಾತ್ರ ಸಾಧ್ಯ, ಏಕೆಂದರೆ ಯಂತ್ರದ ಜಿಗಿತ ಎರಡೂ ಗುಂಪಿಗೆ ಸಮಾನ.

ಸ್ಟೀರಾಯ್ಡ್ ಇನ್ನೂ ಗಂಭೀರ ವಿಷಯ. ಉರಿಯೂತ ಇದ್ದಾಗ ಮಿದುಳಿನಲ್ಲಿ ಹೆಚ್ಚುವರಿ ನೀರು ಇರುತ್ತದೆ; ಸ್ಟೀರಾಯ್ಡ್ ಅಥವಾ ನಟಾಲಿಜುಮ್ಯಾಬ್‌ನಂಥ ಬಲವಾದ ಔಷಧ ಅದನ್ನು ಇಳಿಸಿದಾಗ ಗಾತ್ರ ಕಡಿಮೆಯಾಗುತ್ತದೆ, ಜೀವಕೋಶ ಸಾಯದೆಯೇ. ಇದನ್ನು ಸ್ಯೂಡೊಅಟ್ರೋಫಿ ಎನ್ನುತ್ತೇವೆ. ಚಿಕಿತ್ಸೆ ಶುರುವಾದ ಮೊದಲ ಆರರಿಂದ ಹನ್ನೆರಡು ತಿಂಗಳಲ್ಲಿ ಇದು ಎದ್ದು ಕಾಣುತ್ತದೆ. ಒಳ್ಳೆಯ ಔಷಧ ತೆಗೆದುಕೊಂಡವರ ಮಿದುಳೇ ಹೆಚ್ಚು ಕುಗ್ಗಿದಂತೆ ತೋರುವ ಅಪಾಯ ಇಲ್ಲಿದೆ. ಹೊಸ ಔಷಧ ಆರಂಭಿಸಿದವರಿಗೆ ಆರಂಭದ ಸ್ಕ್ಯಾನಿನ ಬದಲು ಆರು ಅಥವಾ ಹನ್ನೆರಡು ತಿಂಗಳ ಸ್ಕ್ಯಾನನ್ನು ಹೊಸ ಆಧಾರವಾಗಿ ಹಿಡಿಯುವುದು ರೂಢಿ. ನಿಮ್ಮಲ್ಲಿ ಹಾಗೆ ಮಾಡಿದರೆ ಉಳಿಯುವುದು ಅಪ್‌ಗ್ರೇಡ್ ಬಿದ್ದಿರುವ ಎರಡನೇ ವರ್ಷ ಮಾತ್ರ. ಬೇರೆ ದಾರಿ ಇಲ್ಲ, ಹಾಗಾಗಿ ಔಷಧ ಬದಲಾಗದವರನ್ನು ಪ್ರತ್ಯೇಕವಾಗಿ ವಿಶ್ಲೇಷಿಸಿ. ಸ್ಟೀರಾಯ್ಡ್ ಆದ ದಿನದಿಂದ ಸ್ಕ್ಯಾನಿಗೆ ಎಷ್ಟು ದಿನ ಎಂಬ ಅಂಕಣವನ್ನು ಇವತ್ತೇ ಕೋಷ್ಟಕಕ್ಕೆ ಸೇರಿಸಿ, ಆಮೇಲೆ ಕಡತಗಳಿಂದ ಹೆಕ್ಕುವುದು ಕಷ್ಟ.

ನೀರಿನ ವಿಷಯ ಬಂದಿರುವಾಗ: 2005ರ ಒಂದು ಅಧ್ಯಯನದಲ್ಲಿ 16 ಗಂಟೆ ನೀರು ಕುಡಿಯದಿದ್ದವರ ಮಿದುಳು ಸರಾಸರಿ ಅರ್ಧ ಶೇಕಡಾದಷ್ಟು ಕುಗ್ಗಿತ್ತು, ಕುಡಿದ ಮೇಲೆ ಮರಳಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ವರ್ಷದ ಸವೆತ ಸಾಮಾನ್ಯವಾಗಿ 0.5ರಿಂದ 1.3% ಎನ್ನುವಾಗ ಇದು ಸಣ್ಣ ಅಂಕಿಯಲ್ಲ. ಬೆಳಿಗ್ಗೆಗೂ ಸಂಜೆಗೂ ನಡುವೆಯೂ ಸುಮಾರು 0.2% ವ್ಯತ್ಯಾಸ ವರದಿಯಾಗಿದೆ, ಬೆಳಿಗ್ಗೆ ಹೆಚ್ಚು. ಒಬ್ಬ ವ್ಯಕ್ತಿಯ ಎಲ್ಲ ಸ್ಕ್ಯಾನೂ ದಿನದ ಒಂದೇ ಹೊತ್ತಿನಲ್ಲಿರಲಿ. ಈಗಾಗಲೇ ಆಗಿಹೋದವಕ್ಕೆ ಡೈಕಾಮ್‌ನಲ್ಲಿ ಗಂಟೆ ಇದೆ, ಅಂಕಿಅಂಶದ ಮಾದರಿಯಲ್ಲಿ ಕೋವೇರಿಯೇಟ್ ಆಗಿ (ಪ್ರಭಾವ ಕಳೆಯಬೇಕಾದ ಅಂಶವಾಗಿ) ಹಾಕಿ.

ಮಾದರಿ ಎಂದರೆ ಲೀನಿಯರ್ ಮಿಕ್ಸೆಡ್ ಮಾಡೆಲ್: ಕಾಲವನ್ನು ಭೇಟಿಯ ಸಂಖ್ಯೆಯಾಗಿ ಅಲ್ಲ, ನಿಜವಾದ ದಿನಾಂಕದಿಂದ ವರ್ಷಗಳಲ್ಲಿ ಹಾಕಿ. "12ನೇ ತಿಂಗಳು" ಎಂದು ಬರೆದ ಸ್ಕ್ಯಾನ್ ಹತ್ತನೇ ತಿಂಗಳಿನದೂ ಇರುತ್ತದೆ, ಹದಿನೈದನೆಯದೂ ಇರುತ್ತದೆ. ಪ್ರತಿ ವ್ಯಕ್ತಿಗೆ ರ‍್ಯಾಂಡಮ್ ಇಂಟರ್‌ಸೆಪ್ಟ್ (ಅವರವರದೇ ಆರಂಭದ ಮಟ್ಟ) ಕೊಡಿ. ಮೂರೇ ಬಿಂದುಗಳಿರುವಾಗ ರ‍್ಯಾಂಡಮ್ ಸ್ಲೋಪ್ (ಅವರವರದೇ ಬದಲಾವಣೆಯ ವೇಗ) ಕೆಲವೊಮ್ಮೆ ಒಮ್ಮುಖವಾಗದು, ಲೆಕ್ಕ ಒಂದು ಉತ್ತರಕ್ಕೆ ನಿಲ್ಲದು, ಆಗ ಅದನ್ನು ಬಿಡಬೇಕಾಗುತ್ತದೆ. ವಾರ್ಷಿಕ ದರಕ್ಕೆ ಪರಿವರ್ತಿಸುವಾಗ ಅಂತರ ಚಿಕ್ಕದಿದ್ದರೆ ದೋಷ ಹಿಗ್ಗುತ್ತದೆ: ಮೂರು ತಿಂಗಳ ಅಂತರದಲ್ಲಿ 0.2% ದೋಷ, ನಾಲ್ಕರಿಂದ ಗುಣಿಸಿದಾಗ ವರ್ಷಕ್ಕೆ 0.8%. ಆರು ತಿಂಗಳಿಗಿಂತ ಕಡಿಮೆ ಅಂತರದ ಜೋಡಿಗಳ ವಾರ್ಷಿಕ ದರವನ್ನು ನಾನು ಕೋಷ್ಟಕದಲ್ಲಿ ಹಾಕುವುದಿಲ್ಲ.

---

ಅಂಚುರೇಖೆ

ಇಳಿಜಾರು ಹೇಳಿದ್ದಕ್ಕೆ ಒಂದು ತಕರಾರು. ಯಂತ್ರದ ಜಿಗಿತ ಎರಡೂ ಗುಂಪಿಗೆ ಸಮಾನ ಎಂಬುದು ಯಾವಾಗಲೂ ನಿಜವಲ್ಲ. ಕುಹರಗಳು ದೊಡ್ಡದಾಗಿರುವ, ಗಾಯಗಳು (ರೋಗದಿಂದಾದ ಕಲೆಗಳು) ಹೆಚ್ಚಿರುವ ಮಿದುಳಿನಲ್ಲಿ ಅಂಚಿನ ಉದ್ದವೇ ಹೆಚ್ಚು. ಕಾಂಟ್ರಾಸ್ಟ್ ಬದಲಾದಾಗ ಅಂಥವರಲ್ಲಿ ಸುಳ್ಳು ಸರಿತವೂ ಹೆಚ್ಚು ಬರುತ್ತದೆ. ಗುಂಪುಗಳ ಆರಂಭದ ಕುಹರ ಗಾತ್ರ ಹೊಂದಿಕೆಯಾಗುತ್ತದೆಯೇ ನೋಡಿಕೊಂಡೇ ಆ ಹೋಲಿಕೆಗೆ ಇಳಿಯಿರಿ.

ಗಾಯಗಳ ಬಗ್ಗೆ ಯಾರೂ ಹೇಳಲಿಲ್ಲ. ಟಿ1ನಲ್ಲಿ ಕಪ್ಪಾಗಿ ಕಾಣುವ ಗಾಯಗಳನ್ನು ತಂತ್ರಾಂಶ ಬೂದು ದ್ರವ್ಯ ಎಂದು ಎಣಿಸುತ್ತದೆ, ತೀರಾ ಕಪ್ಪಾದವನ್ನು ಸಿಎಸ್‌ಎಫ್ ಎಂದೂ ಎಣಿಸಬಹುದು. ಇಡೀ ಮಿದುಳಿನ ಸಿಯೆನಾ ಅಂಕಿಯಲ್ಲಿ ಇದರ ಪರಿಣಾಮ ಚಿಕ್ಕದು; ಬೂದು ಮತ್ತು ಬಿಳಿ ದ್ರವ್ಯವನ್ನು ಬೇರೆ ಮಾಡಿ ಹೇಳಲು ಹೊರಟಾಗ ದೊಡ್ಡದು. ಫ್ಲೇರ್‌ನಿಂದ (ಗಾಯ ಎದ್ದು ಕಾಣುವ ಎಂಆರ್‌ಐ ಚಿತ್ರ) ಪ್ರತಿ ಬಿಂದುವಿನ ಗಾಯದ ಮಾಸ್ಕ್, ಅಂದರೆ ಗಾಯದ ಜಾಗದ ನಕ್ಷೆ, ತೆಗೆದು, ಸುತ್ತಲಿನ ಬಿಳಿ ದ್ರವ್ಯದ ತೀವ್ರತೆಯಿಂದ ತುಂಬಿಸಿ, ಆಮೇಲೆ ವಿಭಾಗಿಸಿ. ಎಫ್‌ಎಸ್‌ಎಲ್‌ನಲ್ಲಿ ಇದಕ್ಕೆ ಉಪಕರಣ ಇದೆ. ಮೂರೂ ಬಿಂದುಗಳಲ್ಲಿ ತುಂಬಿಸಬೇಕು, ಹೊಸ ಗಾಯ ಕಂಡ ಬಿಂದುವಿನಲ್ಲಿ ಮಾತ್ರ ಅಲ್ಲ.

ಇನ್ನೊಂದು ಪರೀಕ್ಷೆಗೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಚಿತ್ರಗಳ ಕ್ರಮವನ್ನು ಉಲ್ಟಾ ಮಾಡಿ ಕೊಡಿ. ಮೊದಲಿಂದ ಎರಡಕ್ಕೆ −0.4 ಇದ್ದದ್ದು ಎರಡರಿಂದ ಮೊದಲಿಗೆ +0.4ರ ಆಸುಪಾಸು ಬರಬೇಕು. ವಿರೂಪಕ್ಷೇತ್ರದ ಜಾಕೋಬಿಯನ್ (ಪ್ರತಿ ಬಿಂದುವಿನ ಹಿಗ್ಗು-ಕುಗ್ಗಿನ ಪ್ರಮಾಣ) ಆಧರಿಸಿದ ವಿಧಾನ ಬಳಸುವವರಿಗಂತೂ ಇದು ಕಡ್ಡಾಯ. ಒಂದು ಚಿತ್ರವನ್ನು ಮಾತ್ರ ಮರುಮಾದರಿ ಮಾಡಿ (ಹೊಸ ವೋಕ್ಸೆಲ್ ಜಾಲಕ್ಕೆ ಕೂರಿಸಿ) ಇನ್ನೊಂದನ್ನು ಹಾಗೇ ಬಿಟ್ಟರೆ, ಮರುಮಾದರಿಯಾದದ್ದು ಸ್ವಲ್ಪ ಮಸುಕಾಗುತ್ತದೆ, ಆ ಮಸುಕೇ ಸವೆತವಾಗಿ ಕಾಣುತ್ತದೆ. ಎಡಿಎನ್ಐ (ಆಲ್‌ಝೈಮರ್ ಕುರಿತ ದೊಡ್ಡ ಅಧ್ಯಯನ) ದತ್ತಾಂಶದ ಹಿಪೊಕ್ಯಾಂಪಸ್ (ಮಿದುಳಿನ ನೆನಪಿನ ಭಾಗ) ಅಳತೆಯಲ್ಲಿ ಇಂಥದೇ ಅಸಮಪಾರ್ಶ್ವದ ಜೋಡಣೆಯಿಂದ ಸುಳ್ಳು ಸವೆತ ಹುಟ್ಟುತ್ತದೆ ಎಂದು 2010ರಲ್ಲಿ ತೋರಿಸಲಾಯಿತು. ಎಸ್‌ಪಿಎಂ12 ತಂತ್ರಾಂಶದ ಲಾಂಗಿಟ್ಯೂಡಿನಲ್ ರಿಜಿಸ್ಟ್ರೇಶನ್ ನಡುಬಿಂದುವಿಗೆ ಜೋಡಿಸುವುದೂ ಈ ಕಾರಣಕ್ಕೇ.

ಅಲುಗಾಟವನ್ನೂ ಬಿಡಬೇಡಿ. ಸ್ಕ್ಯಾನಿನಲ್ಲಿ ತಲೆ ಅಲುಗಿದರೆ ಕಾರ್ಟೆಕ್ಸ್ ತೆಳ್ಳಗೆ, ಬೂದು ದ್ರವ್ಯ ಕಡಿಮೆ ಎಂದು ಅಳತೆ ಬರುತ್ತದೆ. ರೋಗ ಹೆಚ್ಚಾದವರು ಹೆಚ್ಚು ಅಲುಗುತ್ತಾರೆ, ಆದ್ದರಿಂದ ಈ ದೋಷ ಯಾದೃಚ್ಛಿಕವಲ್ಲ, ನೀವು ಹುಡುಕುತ್ತಿರುವ ದಿಕ್ಕಿಗೇ ತಳ್ಳುತ್ತದೆ. ಹಣೆಯ ಭಾಗದಲ್ಲಿ ಅಲೆಅಲೆಯಾದ ಗೆರೆಗಳು ಕಂಡ ಚಿತ್ರವನ್ನು ಯಾವ ಬಿಂದುವಿನದು ಎಂದು ಗೊತ್ತಿಲ್ಲದ ಒಬ್ಬರಿಂದ ಅಂಕ ಹಾಕಿಸಿ, ಮಿತಿ ದಾಟಿದ್ದನ್ನು ತೆಗೆಯಿರಿ.

---

ಮೂರುಸ್ಕ್ಯಾನ್

ಎನ್‌ಡಿ ಸರಣಿಯಿಂದ ಮತ್ತೆ ಶುರುಮಾಡುತ್ತೇನೆ. ಕೊನೆಯದೊಂದು: ವೈದ್ಯರು ಒಬ್ಬೊಬ್ಬ ರೋಗಿಯ ಅಂಕಿಯನ್ನೂ ಕೇಳುತ್ತಿದ್ದಾರೆ. ವರ್ಷಕ್ಕೆ 0.4% ದಾಟಿದರೆ ಅಸಹಜ ಎಂಬ ಮಿತಿಯನ್ನು ಒಬ್ಬರಿಗೆ ಅನ್ವಯಿಸಬಹುದೇ?

---

ಇಳಿಜಾರು

ಆ ಮಿತಿ ಬಂದದ್ದು ಗುಂಪುಗಳ ಹೋಲಿಕೆಯಿಂದ, ವರ್ಷಗಳ ಅಂತರದ ಸ್ಕ್ಯಾನ್‌ಗಳಿಂದ. ನಿಮ್ಮ ಅಳತೆಯ ದೋಷದ ಪ್ರಮಾಣಿತ ವಿಚಲನೆ 0.2% ಎಂದುಕೊಳ್ಳಿ. 95% ವ್ಯಾಪ್ತಿ ಅಂದರೆ ಎರಡೂ ಬದಿಗೆ ಸುಮಾರು 0.4%. ಅಂದರೆ ಒಂದು ವರ್ಷದ ಅಂತರದಲ್ಲಿ −0.4% ಬಂದ ವ್ಯಕ್ತಿಯಲ್ಲಿ ಬದಲಾವಣೆ ಸೊನ್ನೆಯೂ ಆಗಿರಬಹುದು, −0.8%ವೂ ಆಗಿರಬಹುದು. ನೀರು, ಹೊತ್ತು, ಸ್ಟೀರಾಯ್ಡ್ ಇನ್ನೂ ಸೇರಿಸಿಲ್ಲ.

ಆ 0.2 ಕೂಡ ಬೇರೆಯವರ ಅಂಕಿ. ನಿಮ್ಮದನ್ನು ನೀವೇ ಅಳೆಯಿರಿ: ಹತ್ತು ಹದಿನೈದು ಮಂದಿಯನ್ನು ಒಂದು ಸಲ ಸ್ಕ್ಯಾನ್ ಮಾಡಿ, ಮೇಜಿನಿಂದ ಇಳಿಸಿ, ಮತ್ತೆ ಮಲಗಿಸಿ, ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ. ಇಳಿಸದೆ ಬೆನ್ನಿಗೇ ಎರಡು ಸಲ ತೆಗೆದರೆ ತಲೆಯ ಸ್ಥಾನದ ದೋಷ ಸೇರುವುದಿಲ್ಲ, ಅಂಕಿ ಸುಳ್ಳಾಗಿ ಚಂದ ಕಾಣುತ್ತದೆ. ಇಡೀ ಸಂಸ್ಕರಣೆಯ ಸರಣಿಯಲ್ಲಿ ಹಾಯಿಸಿ. ಬರಬೇಕಾದ ಉತ್ತರ ಸೊನ್ನೆ. ಬಂದ ಅಂಕಿಗಳ ಚದುರುವಿಕೆ ನಿಮ್ಮ ದೋಷ, ಸರಾಸರಿ ಸೊನ್ನೆಯಿಂದ ಸರಿದಿದ್ದರೆ ಅದು ನಿಮ್ಮ ಪಕ್ಷಪಾತ.

ವೈದ್ಯರಿಗೆ ಕೊಡುವ ಹಾಳೆಯಲ್ಲಿ ಬರೀ ಶೇಕಡಾ ಬರೆಯಬೇಡಿ. ಶೇಕಡಾ, ಅದರ ಪಕ್ಕದಲ್ಲೇ ನಿಮ್ಮ ದೋಷದ ವ್ಯಾಪ್ತಿ, ಎರಡು ಸ್ಕ್ಯಾನ್‌ಗಳ ದಿನಾಂಕ ಮತ್ತು ಗಂಟೆ, ಯಂತ್ರ ಅಥವಾ ಕಾಯಿಲ್ ಬದಲಾಗಿದೆಯೇ, ಕೊನೆಯ ಸ್ಟೀರಾಯ್ಡ್ ಯಾವಾಗ, ಚಿತ್ರದ ಗುಣಮಟ್ಟದ ಅಂಕ. ಅಪ್‌ಗ್ರೇಡಿಗೆ ಅಡ್ಡವಾಗಿ ಬಿದ್ದ ಜೋಡಿಗೆ ಒಬ್ಬೊಬ್ಬರ ಅಂಕಿ ಕೊಡಲೇಬೇಡಿ. ಆ ಜಾಗದಲ್ಲಿ "ಹೋಲಿಸಲು ಬಾರದು" ಎಂದು ಬರೆದು, ಮೂರನೇ ಸ್ಕ್ಯಾನನ್ನು ಮುಂದಿನ ಹೋಲಿಕೆಗೆ ಹೊಸ ಆಧಾರವೆಂದು ಗುರುತು ಹಾಕಿ.